ವರ್ಷಕ್ಕೊಮ್ಮೆ ತೆಗೆಯುವ ಮೇಜು

ಆ ಕಾಲೇಜಿನ ಬಿಸಿನೆಸ್ ವಿಭಾಗದಲ್ಲಿ ಒಂದು ನಿಯಮವಿತ್ತು. ಯಾವ ಪುಣ್ಯಾತ್ಮ ಮಾಡಿದ್ದೋ, ಮಾಡಿದವನು ಈಗ ಎಲ್ಲಿ ಹಾಯಾಗಿ ಕೂತಿದ್ದಾನೋ, ಯಾರಿಗೂ ಗೊತ್ತಿಲ್ಲ. ಕೊನೆಯ ವರ್ಷದ ವಿದ್ಯಾರ್ಥಿಗಳು ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಮಾಡಿದರಷ್ಟೇ ಸಾಲದು, ಅಲ್ಲಿ ಏನಾದರೂ ಒಂದನ್ನು ಬದಲಾಯಿಸಿ ಬರಬೇಕು. ಆ ಬದಲಾವಣೆಯನ್ನು ಕಂಪನಿ ಜಾರಿಗೆ ತರಬೇಕು, ತಂದಿದ್ದೇವೆ ಅಂತ ಮ್ಯಾನೇಜರು ಸಹಿ ಹಾಕಬೇಕು. ಸಹಿ ಬಿದ್ದರೆ ಕ್ರೆಡಿಟ್ಟು, ಕ್ರೆಡಿಟ್ಟು ಬಂದರೆ ಡಿಗ್ರಿ. ಸಹಿ ಇಲ್ಲವೋ, ಅಲ್ಲಿಯವರೆಗೆ ಓದಿದ್ದೆಲ್ಲ ನೀರುಪಾಲು.

ಜೀವಮಾನದಲ್ಲಿ ಒಂದು ದಿನ ಮೈ ಬಗ್ಗಿಸಿ ದುಡಿಯದ ಹುಡುಗ ಹುಡುಗಿಯರನ್ನು ಊರ ತುಂಬ ಬಿಟ್ಟು, ಹೋಗಿ ಏನಾದರೂ ಬದಲಾಯಿಸಿಕೊಂಡು ಬನ್ನಿ ಅಂದರೆ ಏನಾಗಬೇಕೋ ಅದೇ ಆಗುತ್ತಿತ್ತು. ಒಬ್ಬ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳು ಕೂರುವ ಬೆಂಚು ಎತ್ತಿಸಿದ. ನಿಂತೇ ಹಾಕಿ ನೋಡಿದರೆ ಬೇಗ ಕೊಳ್ಳುತ್ತಾರಂತೆ. ಇನ್ನೊಬ್ಬಳು ಹಲ್ಲಿನ ಡಾಕ್ಟರ ಕಾಯುವ ಕೋಣೆಯಿಂದ ಗಡಿಯಾರ ತೆಗೆಸಿದಳು. ಎಷ್ಟು ಹೊತ್ತು ಕಾದೆವು ಅನ್ನುವುದು ಗೊತ್ತಾಗದಿದ್ದರೆ ದೂರು ಕಡಿಮೆಯಂತೆ. ಹಲ್ಲುನೋವಿನವರನ್ನು ಹೀಗೆ ಯಾಮಾರಿಸಿದ ಆ ಮಹಾತಾಯಿಗೆ ಕ್ರೆಡಿಟ್ಟಿನ ಜೊತೆ ಚಪ್ಪಾಳೆಯೂ ಸಿಕ್ಕಿತು.

ನಮ್ಮ ಕಥೆಯ ಹುಡುಗಿಗೆ ಮನೆಯಲ್ಲಿ ಇಶ್ಶಿರಾಣಿ ಅಂತ ಹೆಸರು. ಅಣ್ಣ ಇಟ್ಟಿದ್ದು. ಕಂಡದ್ದಕ್ಕೆಲ್ಲ ಮೂಗು ಮುಚ್ಚಿಕೊಂಡು "ಇಶ್ಶೀ" ಅನ್ನುವುದು ಚಿಕ್ಕಂದಿನಿಂದ ಅವಳಿಗೆ ಅಂಟಿದ ಚಾಳಿ. ಇನ್ನೊಬ್ಬರು ಕಚ್ಚಿದ ಹಣ್ಣು ಮುಟ್ಟಳು, ಬಸ್ಸಿನ ಕಂಬಿ ಹಿಡಿಯಳು, ನೆಂಟರ ಮನೆಯಲ್ಲಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ ಮೇಲೇ ನೀರು ಕುಡಿಯುವಳು. "ಇವಳನ್ನ ಕಟ್ಕೊಳ್ಳೋನು ದಿನಾ ಬಾಗಿಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು" ಅಂತ ಅಣ್ಣ ರೇಗಿಸುತ್ತಿದ್ದ. ಅಂಥವಳಿಗೆ ಕಾಲೇಜಿನವರು ಹಂಚಿದ್ದು ಲಾಂಡ್ರಿ. ಅದೂ ಎಂಥ ಲಾಂಡ್ರಿ ಅಂತೀರಿ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಬ್ಯಾಂಕು, ಜಾಹೀರಾತು ಕಂಪನಿಗಳನ್ನೆಲ್ಲ ಮೇಷ್ಟ್ರುಗಳಿಗೆ ಬೇಕಾದವರ ಮಕ್ಕಳು ಮೊದಲೇ ಹಂಚಿಕೊಂಡಾಗಿತ್ತು.

ಬೇಡ ಅನ್ನುವ ಹಾಗಿರಲಿಲ್ಲ. ಹಿಂದಿನ ವರ್ಷ ಕಾಮಾಲೆಯಾಗಿ ಮಲಗಿದ್ದರಿಂದ ಪರೀಕ್ಷೆ ತಪ್ಪಿ, ಜೊತೆಯವರೆಲ್ಲ ಮುಂದೆ ಹೋಗಿದ್ದರು. ಡಿಗ್ರಿ ತಂದು ತೋರಿಸು, ಕೆಲಸ ಕೊಡ್ತೀವಿ ಅಂತ ಒಂದು ವಿಮಾ ಕಚೇರಿಯವರು ಹೇಳಿದ್ದರು, ಆದರೆ ಇನ್ನೊಂದು ವರ್ಷ ಅವರು ಕಾಯುವವರಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸೂಜಿಗೆ ದಾರ ಪೋಣಿಸಲು ಈಗೀಗ ಮಗಳನ್ನು ಕೂಗುತ್ತಿದ್ದಳು. "ಈ ಸಲ ಹೇಗಾದ್ರೂ ಮುಗಿಸಿಬಿಡೇ" ಅಂದಳು. "ನನ್ನ ಕಣ್ಣು ನಿನ್ನ ಡಿಗ್ರಿಗೆ ಕಾಯಲ್ಲ."

ಸೇರುವ ಹಿಂದಿನ ದಿನ ಸಂಜೆ ಇಶ್ಶಿರಾಣಿ ದಾರಿ ನೋಡಿಕೊಂಡು ಬರೋಣ ಅಂತ ಲಾಂಡ್ರಿಯ ಬಳಿಗೆ ಹೋದಳು. ಹಿಂದಿನ ರಸ್ತೆಯಲ್ಲಿ ಲಾರಿಗಳು ಮೂಟೆ ಇಳಿಸುವ ಅಗಲದ ಬಾಗಿಲು, ಷಟರ್ ಅರ್ಧ ಎತ್ತಿತ್ತು. ಒಳಗೆ ನಾಲ್ಕೈದು ಹೆಂಗಸರು ಕಬ್ಬಿಣದ ಕಾಲಿನ ಒಂದು ಹಳೇ ಮೇಜನ್ನು ಶೆಡ್ಡಿನಿಂದ ಹೊತ್ತು ತಂದು ದಾರಿಯ ನಡುಮಧ್ಯೆ ಇಡುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿದ, ದಪ್ಪ ಮೈಯ, ನರೆಗೂದಲಿನ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಹುಕುಂ ಕೊಡುತ್ತಿದ್ದಳು.

"ಇನ್ನೂ ಸ್ವಲ್ಪ ಅಡ್ಡಕ್ಕೆ ಎಳೀರೇ. ಗಾಡಿ ತಗಲಬೇಕು. ತಗಲದಿದ್ರೆ ಅವಳಿಗೆ ಹೇಗೆ ಗೊತ್ತಾಗುತ್ತೆ?"

ಎಲ್ಲರೂ ಕಿಸಕ್ಕನೆ ನಕ್ಕರು. ಇವರಿಗೇನು ತಲೆ ಕೆಟ್ಟಿದೆಯೇ ಅಂದುಕೊಂಡು ಹುಡುಗಿ ಬಸ್ಸು ಹತ್ತಿದಳು.

ಮರುದಿನ ಅವಳನ್ನು ಬರಮಾಡಿಕೊಂಡವರು ಮ್ಯಾನೇಜರು. ಕೆಲಸದವರ ಬಾಯಲ್ಲಿ ಅವರು ಸೆಂಟು ಸಾಹೇಬರು. ಒಗೆಯುವ ಮುಂಚಿನ ಬಟ್ಟೆಯ ವಾಸನೆ ಅವರ ಕೋಣೆಗೂ ಬರುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದು, ಮೈಮೇಲೆ ಸೆಂಟು ಸುರಿದುಕೊಳ್ಳುವುದು. ಹಳಸಿದ ರಕ್ತ, ಬ್ಲೀಚು, ಮೇಲಿಂದ ಮಲ್ಲಿಗೆ, ಮೂರೂ ಸೇರಿದಾಗ ಹುಟ್ಟುವ ವಾಸನೆಗೆ ಹೆಸರಿಲ್ಲ. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಬಾಯಿಂದ ಉಸಿರಾಡಿದಳು.

"ಏನಮ್ಮಾ, ಏನು ಬದಲಾಯಿಸ್ತೀಯ ನಮ್ಮಲ್ಲಿ?" ಅಂತ ಅವರು ಹಲ್ಲು ಬಿಟ್ಟರು. "ನೋಡು, ಸುತ್ತಾಡು. ಕಾಸು ಉಳಿಯೋದು ಏನಿದ್ರೂ ಹೇಳು, ಸಹಿ ಹಾಕ್ತೀನಿ. ಕಾಸು ಖರ್ಚಾಗೋದು ಮಾತ್ರ ಹೇಳಬೇಡ."

ಅವಳನ್ನು ಕಳಿಸಿದ್ದು ವಿಂಗಡಿಸುವ ಕೋಣೆಗೆ. ಅಲ್ಲಿಗೆ ಸಾಹೇಬರು ತಾವು ಕಾಲಿಡುತ್ತಿದ್ದದ್ದೇ ಅಪರೂಪ. ಆಸ್ಪತ್ರೆಯಿಂದ ಬಂದ ಮೂಟೆಗಳನ್ನು ಉದ್ದನೆಯ ಸಿಮೆಂಟು ಕಟ್ಟೆಯ ಮೇಲೆ ಬಿಚ್ಚಿ, ಹೆಂಗಸರು ಹಾಸು, ಹೊದಿಕೆ, ದಿಂಬಿನ ಚೀಲ, ರೋಗಿಗಳ ಅಂಗಿ ಅಂತ ಬೇರೆ ಬೇರೆ ಗಾಡಿಗೆ ಎಸೆಯುತ್ತಿದ್ದರು. ಹಾಸಿನೊಳಗೆ ಏನೇನಿರುತ್ತಿತ್ತು ಅಂತ ಹೇಳಿದರೆ ನೀವು ಊಟ ಬಿಡುತ್ತೀರಿ. ಕೀವು ಒಣಗಿ ರಟ್ಟಿನಂತಾದ ಬ್ಯಾಂಡೇಜು, ಯಾರದೋ ಹಲ್ಲಿನ ಸೆಟ್ಟು, ಅರ್ಧ ತಿಂದ ಮೊಟ್ಟೆ, ಇನ್ನು ಉಳಿದದ್ದು ನೀವೇ ಊಹಿಸಿಕೊಳ್ಳಿ. ಕೈಗೆ ರಬ್ಬರಿನ ಗ್ಲೌಸು ಕೊಡುತ್ತಿದ್ದರು. ಅಗ್ಗದ ಮಾಲು, ಎರಡು ಮೂಟೆ ಬಿಚ್ಚುವಷ್ಟರಲ್ಲಿ ಬೆರಳ ಸಂದಿ ಹರಿಯುತ್ತಿತ್ತು. ಹುಡುಗಿ ಹೊರಗೆ ಓಡಿಹೋಗಿ ಗೋಡೆ ಹಿಡಿದು ಕಕ್ಕಿದಳು.

ನರೆಗೂದಲಿನ ಆ ಹೆಂಗಸು ಬಂದು ಅವಳ ಹಣೆ ಹಿಡಿದಳು. ಅವಳೇ ಅಲ್ಲಿಯ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ದೊಡ್ಡಕ್ಕ. "ಕಕ್ಕಿಬಿಡು, ಕಕ್ಕಿಬಿಡು" ಅಂದಳು. "ಮೊದಲ ದಿನ ಕಕ್ಕದೇ ಇರೋರನ್ನ ಕಂಡ್ರೆ ನನಗೇ ಭಯ ಆಗುತ್ತೆ."

ಹಣೆ ಹಿಡಿದ ಆ ಕೈಗೆ ಸೋಪಿನ ವಾಸನೆಯಿತ್ತು. ಸೋಪಿನದು ಬಿಟ್ಟರೆ ಬೇರೆ ಯಾವ ವಾಸನೆಯೂ ಇರಲಿಲ್ಲ. ಯಾಕೆ ಅನ್ನುವುದು ಆಮೇಲೆ ತಿಳಿಯಿತು. ಕೋಣೆಯ ಕಟ್ಟಕಡೆಯಲ್ಲಿ, ಬಾಯ್ಲರಿನ ಪಕ್ಕ, ಒಂದು ನಲ್ಲಿಯಿತ್ತು. ಬಿಸಿನೀರಿನ ನಲ್ಲಿ. ಅದರ ಕುತ್ತಿಗೆಗೆ ಹಳೇ ಕಾಲುಚೀಲ ಕಟ್ಟಿ, ಒಳಗೆ ಒಂದು ಸೋಪು ಹಾಕಿ ತೂಗುಬಿಟ್ಟಿದ್ದರು. ಪ್ರತಿ ಮೂಟೆ ಮುಗಿದ ಮೇಲೆ, ಗ್ಲೌಸು ಹರಿದಿರಲಿ ಬಿಡಲಿ, ಬಿಚ್ಚಿದವಳು ಅಲ್ಲಿಯವರೆಗೆ ನಡೆದುಹೋಗಿ ಮೊಣಕೈತನಕ ತಿಕ್ಕಿ ತೊಳೆಯಬೇಕು. ಅದು ದೊಡ್ಡಕ್ಕನ ಕಾನೂನು. ತೊಳೆಯದೆ ಇನ್ನೊಂದು ಮೂಟೆಗೆ ಕೈ ಹಾಕಿದವಳಿಗೆ ಎಲ್ಲರೆದುರು ಮಂಗಳಾರತಿ ಆಗುತ್ತಿತ್ತು. ನಲ್ಲಿಗೆ ಹೋಗುವಾಗ ಬರುವಾಗ ಹೆಂಗಸರು ಬೆನ್ನು ನೆಟ್ಟಗೆ ಮಾಡುತ್ತಿದ್ದರು, ಅತ್ತೆಯನ್ನೋ ಗಂಡನನ್ನೋ ಬೈದುಕೊಳ್ಳುತ್ತಿದ್ದರು, ಮುಖಕ್ಕೂ ನೀರು ಹಾಕಿಕೊಳ್ಳುತ್ತಿದ್ದರು. ಹಿಂತಿರುಗಿ ಬರುವಾಗ ಅವರ ಮುಖವೇ ಬೇರೆಯಾಗಿರುತ್ತಿತ್ತು.

ಟೀ ಹೊತ್ತಿಗೆ ದೊಡ್ಡಕ್ಕ ಡಬ್ಬಿಯಿಂದ ಒಂದು ಬನ್ನು ತೆಗೆದು ಮುರಿದು ಅರ್ಧ ಚಾಚಿದಳು. ಇಶ್ಶಿರಾಣಿ ಆ ಕೈಯನ್ನು ನೋಡಿದಳು. ಬಿಸಿನೀರಿಗೆ ಕೆಂಪಾಗಿ, ಉಗುರಿನ ಸಂದಿಯೂ ಬೆಳ್ಳಗಾಗಿದ್ದ ಕೈ. ಹುಟ್ಟಿದಾರಭ್ಯ ಹೊರಗಿನವರ ಕೈಯಿಂದ ಏನೂ ಇಸಿದುಕೊಂಡು ತಿನ್ನದವಳು ಅವತ್ತು ತಿಂದಳು. ಅಣ್ಣ ನೋಡಿದ್ದರೆ ನಂಬುತ್ತಿರಲಿಲ್ಲ.

ಇನ್ನು ಆ ಅಡ್ಡ ಮೇಜಿನ ನಾಟಕ. ಬೆಳಗಿನಿಂದ ಅದು ಎಡೆಬಿಡದೆ ನಡೆದಿತ್ತು. ಗಾಡಿ ತಳ್ಳಿಕೊಂಡು ಬಂದವರೆಲ್ಲ ಮೇಜಿಗೆ ಢಣ್ಣನೆ ಗುದ್ದಿ, "ಅಯ್ಯೋ, ಈ ಹಾಳು ಮೇಜು! ಇದನ್ನ ಯಾರಾದ್ರೂ ತೆಗೆಸಬಾರದಾ!" ಅಂತ ಕೋಣೆಗೆಲ್ಲ ಕೇಳುವಂತೆ ಕೂಗಿ, ಓರೆಗಣ್ಣಲ್ಲಿ ಹುಡುಗಿಯ ಕಡೆ ನೋಡುತ್ತಿದ್ದರು. ಒಬ್ಬಳಂತೂ ಮೊಣಕಾಲು ಹಿಡಿದುಕೊಂಡು ಕುಂಟಿಯೂ ತೋರಿಸಿದಳು. ನಟನೆ ಸ್ವಲ್ಪ ಅತಿಯಾಗಿತ್ತು. ಸಂಜೆ ಎಲ್ಲರೂ ಏಪ್ರನ್ ಬಿಚ್ಚುವಾಗ ಹುಡುಗಿ ದೊಡ್ಡಕ್ಕನ ಪಕ್ಕ ಬಂದು ನಿಂತಳು.

"ದೊಡ್ಡಕ್ಕ, ಆ ಮೇಜನ್ನ ನಿನ್ನೆ ನೀವೇ ತಂದು ಇಟ್ಟಿದ್ದು. ನಾನು ನೋಡಿದೆ."

ದೊಡ್ಡಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೋಡಿದೆಯಾ? ಹಾಗಾದ್ರೆ ಕೇಳು ಮಗಾ. ನಿಮ್ಮ ಕಾಲೇಜಿನಿಂದ ವರ್ಷಾ ವರ್ಷಾ ಒಬ್ಬರು ಬರ್ತಾರೆ. ಮೊದಲು ಬಂದೋನು ನಮ್ಮ ಸ್ಟೂಲುಗಳನ್ನ ತೆಗೆಸಿದ. ಕೂತ್ರೆ ಕೈ ನಿಧಾನ ಅಂತೆ. ಆಮೇಲೆ ಬಂದೋಳು ರೇಡಿಯೋ ತಗೊಂಡ್ಹೋದ್ಲು. ಅದರ ಮುಂದಿನೋನು ಹಿಂದಿನ ಕಿಟಕಿ ಮುಚ್ಚಿಸಿದ, ನಾವು ಹೊರಗೆ ನೋಡ್ತೀವಂತೆ. ಬಂದೋರೆಲ್ಲ ಒಳ್ಳೇ ಮಕ್ಕಳೇ. ಆದ್ರೆ ಏನಾದ್ರೂ ಒಂದು ಕಿತ್ತುಕೊಂಡೇ ಹೋಗ್ತಾರೆ, ಪಾಪ, ಅವರಿಗೂ ಕ್ರೆಡಿಟ್ಟು ಬೇಕಲ್ಲ. ಅದಕ್ಕೆ ನಾವೇ ಒಂದು ಉಪಾಯ ಮಾಡಿದ್ವಿ. ನೀವು ಬರೋ ಮುಂಚೆ ಮೇಜು ಇಡ್ತೀವಿ. ಬಂದೋರು ಅಳತೆ ಹಿಡಿದು, ಚಿತ್ರ ಬರೆದು, ಮೇಜು ತೆಗೆಸ್ತಾರೆ. ಸಾಹೇಬರು ಸಹಿ ಹಾಕ್ತಾರೆ. ಅವರು ಹೋದ ಮೇಲೆ ಮೇಜು ಶೆಡ್ಡಿಗೆ. ಎಷ್ಟೋ ವರ್ಷದಿಂದ ಅದೇ ಮೇಜು!"

"ಇದು ಮೋಸ ಅಲ್ವಾ?"

"ಮೋಸಾನೇ. ಯಾರಿಗೆ ನಷ್ಟ ಹೇಳು? ನೀನೂ ಆ ಮೇಜನ್ನ ತಗೊಂಡು ಹೋಗಮ್ಮ. ಬೇರೆ ಏನನ್ನೂ ಮುಟ್ಟಬೇಡ, ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿದ್ದೇ ಸೀರುಂಡೆ ಅಂತ ಮೇಜು ಎತ್ತಿಸಿ ಮನೆಗೆ ಹೋಗುತ್ತಿದ್ದರು. ಆದರೆ ಇವಳು ಇಶ್ಶಿರಾಣಿ. ಬಸ್ಸಿನಲ್ಲಿ ಕೂತವಳಿಗೆ ಮೈಯೆಲ್ಲ ಕೆರೆದಂತಾಯಿತು. ಅಷ್ಟೊಂದು ಜನ ಎತ್ತಿಸಿದ ಮೇಜು, ಅದೇ ಚಿತ್ರ, ಅದೇ ಸಹಿ, ಅದೇ ಚಪ್ಪಾಳೆ. ಇನ್ನೊಬ್ಬರು ಕಚ್ಚಿಟ್ಟ ಹಣ್ಣನ್ನು ಬಾಯಿಗಿಟ್ಟ ಹಾಗೆ ಹೇಸಿಗೆಯೆನಿಸಿತು. ಡಿಗ್ರಿಗಾಗಿ ಇಂಥ ಎಂಜಲು ತಿನ್ನುವವಳು ನಾನಲ್ಲ, ಮಾಡಿದರೆ ನಿಜವಾದದ್ದನ್ನೇ ಮಾಡುತ್ತೇನೆ ಅಂತ ಹಟ ಹಿಡಿದಳು. ಹುಡುಗಿ ಕೆಟ್ಟವಳಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ಮೇಜಿನಲ್ಲೇ ಎಲ್ಲ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದರು.

ದಿನಾ ನೋಡಿದಳು, ಬರೆದುಕೊಂಡಳು. ಆ ಕೋಣೆಯಲ್ಲಿ ಕೀಳುವುದಕ್ಕೆ ಉಳಿದಿದ್ದಾದರೂ ಏನು? ಸ್ಟೂಲಿಲ್ಲ, ರೇಡಿಯೋ ಇಲ್ಲ, ಕಿಟಕಿ ಇಲ್ಲ. ಕೊನೆಗೆ ಅವಳ ಕಣ್ಣಿಗೆ ಬಿದ್ದಿದ್ದು ನಡಿಗೆ. ಕಟ್ಟೆಯಿಂದ ನಲ್ಲಿಗೆ, ನಲ್ಲಿಯಿಂದ ಕಟ್ಟೆಗೆ, ದಿನವಿಡೀ. ಕಟ್ಟೆಯ ಹತ್ತಿರವೇ ಕೈಗೆ ಹಚ್ಚಿಕೊಳ್ಳುವ ಜೆಲ್ಲಿನ ಒಂದು ಬಾಟಲಿ ಇಟ್ಟರೆ ಅವರಿಗೆ ಓಡಾಟ ತಪ್ಪುತ್ತದಲ್ಲ ಅಂತ ಅವಳಿಗೆ ಹೊಳೆಯಿತು. ನಿಜವಾಗಿಯೂ ಅವರ ಒಳ್ಳೆಯದಕ್ಕೇ ಅಂದುಕೊಂಡಳು. ಕಾಲೇಜಿನಲ್ಲಿ ತನ್ನ ಇಂಟರ್ನ್‌ಶಿಪ್ ನೋಡಿಕೊಳ್ಳುವ ಗೈಡ್ ಮೇಷ್ಟ್ರ ಕೋಣೆಗೆ ಖುಷಿಯಿಂದ ಓಡಿದಳು.

ಗೈಡ್ ಮೇಷ್ಟ್ರು ಬೈಕಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತ ಕೂತಿದ್ದರು. ಕೀಲಿಯ ತುದಿಯನ್ನೊಮ್ಮೆ ನೋಡಿ, ಅದನ್ನು ಯಾವನೋ ವಿದ್ಯಾರ್ಥಿಯ ಫೈಲಿಗೆ ಒರೆಸಿದರು.

"ನೋಡಮ್ಮ, ಬಾಟಲಿ ಇಡೋದು ಬದಲಾವಣೆ ಅಲ್ಲ. ಅದು ಸೇರಿಸೋದು. ನೀನು ಕಡಿಮೆ ಮಾಡಿದ್ದು ಏನು? ಏನಾದ್ರೂ ಇಳೀಬೇಕು. ಸಮಯ ಇಳೀಬೇಕು, ಖರ್ಚು ಇಳೀಬೇಕು. ಬಾಟಲಿ ಬಂದ ಮೇಲೆ ನಲ್ಲಿ ಯಾಕೆ?"

"ನಲ್ಲಿ ಅದರ ಪಾಡಿಗೆ ಅದು ಇರಲಿ ಅಂತ, ಸರ್."

"ಇದ್ರೆ ಹೋಗ್ತಾರೆ. ಹೋದ್ರೆ ನಿನ್ನ ಲೆಕ್ಕ ಹಾಳು. 'ನಲ್ಲಿಯ ಅಗತ್ಯವಿಲ್ಲ' ಅಂತ ಒಂದು ಸಾಲು ಸೇರಿಸು. ಇಲ್ಲಾಂದ್ರೆ ನಾನು ಪಾಸ್ ಮಾಡೋಕಾಗಲ್ಲ, ನೋಡಿಕೋ."

ಅವಳಿಗೆ ಬಿಸಿನೀರು, ಕಾಲುಚೀಲದ ಸೋಪು, ಅರ್ಧ ಬನ್ನು ಎಲ್ಲ ನೆನಪಾಯಿತು. ಜೆಲ್ಲೂ ಕೈ ಸ್ವಚ್ಛ ಮಾಡುವುದೇ ತಾನೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ಆ ಸಾಲನ್ನು ತನ್ನ ಕೈಯಾರೆ ಬರೆದಳು.

ಇಂಟರ್ನ್‌ಶಿಪ್ ಮುಗಿಯುವ ಮುಂಚೆಯೇ, ಕಾಲೇಜಿನ ಹಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಬದಲಾವಣೆ ವಿವರಿಸುವ ದಿನ ಬಂತು. ಮುಂದಿನ ಸಾಲಿನಲ್ಲಿ ಕಂಪನಿಗಳವರು. ಸೆಂಟು ಸಾಹೇಬರ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಖಾಲಿಯಿದ್ದವು. ಇಶ್ಶಿರಾಣಿಯ ಸರದಿ ಬಂದಾಗ ಅವಳು ಚೆನ್ನಾಗಿಯೇ ಮಾತಾಡಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ನಾನು ಉಳಿದವರ ಹಾಗಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕಲ್ಲ! ಸ್ವಚ್ಛವಾಗಿರುವವರಿಗೆ ತಾವು ಸ್ವಚ್ಛ ಅಂತ ಹೇಳಿಕೊಳ್ಳುವ ತೀಟೆ ಒಂದಿರುತ್ತದೆ. ಮೇಜಿನ ಕಥೆಯನ್ನು ಪೂರ್ತಿ ಬಿಚ್ಚಿದಳು. ಹೊತ್ತು ತಂದಿದ್ದು, ಅಡ್ಡ ಇಟ್ಟಿದ್ದು, ಕುಂಟಿದ್ದು, ವರ್ಷಾ ವರ್ಷಾ ಅದೇ ಮೇಜು ತೆಗೆದು ಕ್ರೆಡಿಟ್ಟು ಪಡೆದಿದ್ದು. "ನನಗೂ ಅದೇ ಮೇಜು ಕೊಡೋಕೆ ಬಂದ್ರು. ನಾನು ಬೇಡ ಅಂದೆ" ಅಂತ ತಲೆಯೆತ್ತಿ ಹೇಳಿದಳು.

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಗೈಡ್ ಮೇಷ್ಟ್ರ ಮುಖ ಒಂದು ಗಳಿಗೆ ಹುಳ್ಳಗಾಯಿತು. ಅದೇ ಮೇಜಿಗೆ ವರ್ಷಾ ವರ್ಷಾ ಮಾರ್ಕು ಕೊಟ್ಟವರು ಅವರೇ. ಆದರೆ ಅಂಥವರು ಕೆಳಗೆ ಬಿದ್ದರೂ ಮೀಸೆ ಒರೆಸಿಕೊಂಡು ಏಳುವವರು. ಎದ್ದು ನಿಂತು, "ನಮ್ಮ ವಿಭಾಗ ಬೆಳೆಸೋದು ಇಂಥ ಸೂಕ್ಷ್ಮ ದೃಷ್ಟಿಯನ್ನೇ" ಅಂದು ಚಪ್ಪಾಳೆ ಶುರುಮಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸೆಂಟು ಸಾಹೇಬರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನನ್ನನ್ನೇ ಬಕ್ರಾ ಮಾಡಿದ್ರಾ ಆ ಹೆಂಗಸರು!" ಅಂದರು. ಅಂದಮೇಲೆ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಗ ಅವರ ಮುಖದಲ್ಲಿ ನಗು ಇರಲಿಲ್ಲ.

ಮರುದಿನವೇ ಮೇಜು ಗುಜರಿಗೆ ಹೋಯಿತು. ಅದೇ ದಿನ ಪ್ಲಂಬರು ಬಂದು, ನಲ್ಲಿ ಬಿಚ್ಚಿ, ಪೈಪಿನ ಬಾಯಿಗೆ ಬಿರಡೆ ತಿರುಗಿಸಿ ಹೋದ. ಸೋಪಿನ ಕಾಲುಚೀಲ ನೆಲದ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲೆ ನೀಲಿ ಬಾಟಲಿ ಬಂತು.

ಹೆಂಗಸರು ಅವಳಿಗೆ ಬೈಯಲಿಲ್ಲ. ಬೈದಿದ್ದರೆ ಅವಳಿಗೂ ಸ್ವಲ್ಪ ಹಗುರಾಗುತ್ತಿತ್ತು. ದೊಡ್ಡಕ್ಕ ಒಂದೇ ಮಾತು ಕೇಳಿದಳು. "ನಲ್ಲಿ ತಗೊಂಡೆ, ಹೋಗಲಿ. ಮೇಜಿನ ವಿಷಯ ಯಾಕೆ ಹೇಳಿದೆ ಮಗಾ? ಮುಂದಿನ ವರ್ಷ ಬರೋರಿಗೆ ಏನು ಕೊಡೋಣ?"

ಹುಡುಗಿ ಬಗ್ಗಿ, ನೆಲದ ಮೇಲಿದ್ದ ಸೋಪಿನ ಕಾಲುಚೀಲವನ್ನು ಎತ್ತಿ ಕಟ್ಟೆಯ ಮೇಲಿಟ್ಟಳು.

ಮೊದಲ ವಾರ ಬಾಟಲಿಯಲ್ಲಿ ಜೆಲ್ಲಿತ್ತು. ಆಮೇಲೆ ಅದಕ್ಕೆ ನೀರು ಬೆರೆಸಿ ತುಂಬಿಸಿದರು. ಆಮೇಲೆ ಅದೂ ಇಲ್ಲ. ಇದ್ದಾಗಲಾದರೂ ಅದರಿಂದ ಆಗುತ್ತಿದ್ದದ್ದೇನು? ಕೈಗೆ ಹತ್ತಿದ್ದು ಹೋಗದೆ, ಕೈಯೆಲ್ಲ ಹರಡಿ ಒಣಗಿ ಅಂಟಾಗುತ್ತಿತ್ತು. ಬಿರುಕು ಬಿಟ್ಟ ಬೆರಳು ಉರಿಯುತ್ತಿತ್ತು. ಇನ್ನೊಂದು ನಲ್ಲಿಯಿದ್ದದ್ದು ಆಫೀಸಿನ ಕಡೆ. ಏಪ್ರನ್ ಹಾಕಿದವರು ಆ ಬಾಗಿಲು ದಾಟುವಂತಿರಲಿಲ್ಲ. ಕಕ್ಕಸಿನ ಮುಂದಿನ ಬೇಸಿನ್ನಿನಲ್ಲಿ ತಣ್ಣೀರು ನೂಲಿನಂತೆ ಬೀಳುತ್ತಿತ್ತು. ಸಾಲು ನಿಂತು ತೊಳೆಯುವಷ್ಟರಲ್ಲಿ ಟೀ ಹೊತ್ತು ಮುಗಿಯುತ್ತಿತ್ತು. ಕೆಲವರು ಬನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಹಿಡಿದು ತಿನ್ನಲು ಕಲಿತರು. ಕೆಲವರು ತಿನ್ನುವುದನ್ನೇ ಬಿಟ್ಟರು. ಕುಂಟಿ ತೋರಿಸಿದ್ದ ಆ ಹೆಂಗಸು ಮನೆಯಲ್ಲಿ ಮೊಮ್ಮಗುವನ್ನು ಎತ್ತಿಕೊಳ್ಳುವುದಿಲ್ಲ ಅಂತ ಹುಡುಗಿಯ ಕಿವಿಗೂ ಬಿತ್ತು. ಮಾತು ನಿಂತಿತ್ತು, ಬೈಗುಳ ನಿಂತಿತ್ತು, ಯಾರೂ ಬೆನ್ನು ನೆಟ್ಟಗೆ ಮಾಡುತ್ತಿರಲಿಲ್ಲ. ಮೂಟೆಗಳು ಮಾತ್ರ ಮೊದಲಿಗಿಂತ ಬೇಗ ಬೇಗ ಬರುತ್ತಿದ್ದವು.

ಇಶ್ಶಿರಾಣಿ ರಾತ್ರಿ ಊಟಕ್ಕೆ ಕೂತರೆ ತುತ್ತು ಇಳಿಯದಾಯಿತು. ಮೊದಲೆಲ್ಲ ಊರಿನ ಕೊಳಕು ಕಂಡರೆ ಹೇಸಿಕೊಳ್ಳುತ್ತಿದ್ದಳು. ಈಗ ಬೆಳಗ್ಗೆ ಕನ್ನಡಿಯ ಮುಂದೆ ನಿಂತರೆ ಅದೇ ಹೇಸಿಗೆ. ಕೊನೆಯ ದಿನ ಸಹಿ ಪಡೆಯಲು ಸಾಹೇಬರ ಕೋಣೆಗೆ ಹೋದವಳು, ಕಾಗದ ಚಾಚುವ ಬದಲು ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಸರ್, ನನ್ನ ಐಡಿಯಾ ತಪ್ಪು. ದಯವಿಟ್ಟು ಆ ನಲ್ಲಿ ವಾಪಸ್ ಹಾಕಿಸಿ."

ಸಾಹೇಬರು ಆಶ್ಚರ್ಯಪಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಕಾಗದವನ್ನು ತಾವೇ ಎಳೆದುಕೊಂಡರು.

"ಹಾಕಿಸೋಣಂತೆ, ಅದಕ್ಕೇನು? ಇವತ್ತೇ ಪ್ಲಂಬರನ್ನ ಕರೆಸ್ತೀನಿ. ಆದ್ರೆ ಇಲ್ಲಿ 'ಜಾರಿಯಾಗಿದೆ' ಅಂತ ಬರೆಯೋಕೆ ಬರಲ್ಲ ನೋಡು. 'ಕೈಬಿಡಲಾಗಿದೆ' ಅಂತ ಬರೀಬೇಕಾಗುತ್ತೆ. ನಾನು ಸುಳ್ಳು ಬರೆಯೋನಲ್ಲ." ಪೆನ್ನು ಕಾಗದದ ಮೇಲೆ ನಿಂತಿತ್ತು. "ಹೇಳಮ್ಮಾ. ಯಾವುದು ಬರೀಲಿ?"

ಅವಳಿಗೆ ಅಮ್ಮ ದೀಪಕ್ಕೆ ಸೂಜಿ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದು ಕಂಡಿತು. ವಿಮಾ ಕಚೇರಿಯ ಮೆಟ್ಟಿಲು ಕಂಡಿತು. ಇನ್ನೊಂದು ವರ್ಷ, ಇನ್ನೊಂದು ಕಂಪನಿ, ಇನ್ನೊಂದು ಕಡೆ ಇನ್ನೇನನ್ನೋ ಕಿತ್ತುಕೊಂಡು ಬರಬೇಕಾದದ್ದೂ ಕಂಡಿತು. ಬಾಯಿ ತೆರೆದಳು. ಏನು ಹೇಳಬೇಕು ಅಂತ ಮನಸ್ಸಿನಲ್ಲಿತ್ತೋ ಅದನ್ನು ಹೇಳಲಿಲ್ಲ.

"ಜಾರಿಯಾಗಿದೆ ಅಂತಲೇ ಬರೀರಿ, ಸರ್."

"ಜಾಣೆ" ಅಂದು ಅವರು ಸಹಿ ಗೀಚಿ, ಸೀಲು ಗುದ್ದಿದರು. "ಬೇಜಾರು ಮಾಡ್ಕೋಬೇಡ. ನಲ್ಲಿ ಹಾಕಿಸೋದನ್ನ ಮುಂದಿನ ವರ್ಷ ಬರೋ ಹುಡುಗನಿಗೆ ಇಟ್ಟಿರ್ತೀನಿ. ಅವನಿಗೂ ಒಂದು ಬದಲಾವಣೆ ಬೇಕಲ್ಲ!"

ತಮ್ಮ ಮಾತಿಗೆ ತಾವೇ ಕುಲುಕುಲು ನಕ್ಕರು. ಅವಳೂ ಹಲ್ಲು ಕಿರಿದಳು. ಥೂ, ಯಾಕಾದರೂ ಕಿರಿದೆನೋ ಅಂತ ಬಾಗಿಲು ದಾಟುವ ಮೊದಲೇ ತನ್ನ ಬಾಯಿಯ ಮೇಲೆ ಹೇಸಿಗೆ ಹುಟ್ಟಿತು.

ಏಪ್ರನ್ ಹಿಂದಿರುಗಿಸದೆ ಹೋಗುವ ಹಾಗಿರಲಿಲ್ಲ. ಅದನ್ನು ದೊಡ್ಡಕ್ಕನ ಕೈಗೇ ಕೊಡಬೇಕು. ವಿಂಗಡಿಸುವ ಕೋಣೆಯಲ್ಲಿ ದೊಡ್ಡಕ್ಕ ಆಗತಾನೇ ಒಂದು ಮೂಟೆ ಮುಗಿಸಿ, ಹರಿದ ಗ್ಲೌಸನ್ನು ಕೈಯಿಂದ ಸುಲಿದು ಹಾಕುತ್ತಿದ್ದಳು. ಖಾಲಿ ಬಾಟಲಿಯ ತಲೆಯನ್ನು ಅಭ್ಯಾಸಕ್ಕೆ ಎರಡು ಸಲ ಒತ್ತಿದಳು. ಬುಸ್ ಬುಸ್ ಅಂತ ಗಾಳಿ ಬಂತು. ಸೆರಗಿಗೆ ಕೈ ಒರೆಸಿಕೊಂಡಳು.

"ಸಹಿ ಆಯ್ತಾ?"

"ಆಯ್ತು ದೊಡ್ಡಕ್ಕ."

"ಅಂತೂ ಡಿಗ್ರಿ ಬಂದ ಹಾಗೇ. ನಿಮ್ಮಮ್ಮ ಖುಷಿ ಪಡ್ತಾರೆ ಬಿಡು." ಡಬ್ಬಿ ತೆಗೆದು ಬನ್ನನ್ನು ಮುರಿದಳು. ಅರ್ಧ ಚಾಚಿದಳು. "ತಗೋ. ಮತ್ತೆ ಯಾವಾಗ ಸಿಗ್ತೀಯೋ."

ಅವಳ ಮುಖದಲ್ಲಿ ಕುಹಕವಿರಲಿಲ್ಲ. ಮೊದಲ ದಿನ ಹಣೆ ಹಿಡಿದಾಗ ಹೇಗಿತ್ತೋ ಹಾಗೇ ಇತ್ತು ಮುಖ. ಕೈ ಮಾತ್ರ ಹಾಗಿರಲಿಲ್ಲ. ಉಗುರಿನ ಸಂದಿ ಕಂದುಗಟ್ಟಿತ್ತು, ಬೆರಳ ಗೆರೆಗಳಲ್ಲಿ ಏನೋ ಒಣಗಿ ಅಂಟಿಕೊಂಡಿತ್ತು. ಬಿಳಿಯ ಬನ್ನಿನ ಮೇಲೆ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಹುಡುಗಿ ಎರಡ್ಹೆಜ್ಜೆ ಹಿಂದೆ ಸರಿದಳು. ತಡೆಯಬೇಕು ಅಂದುಕೊಳ್ಳುವಷ್ಟರಲ್ಲಿ ಆ ಮಾತು ಬಾಯಿಂದ ಜಾರಿಹೋಗಿತ್ತು.

"ಇಶ್ಶೀ..."

ಕಟ್ಟೆಯ ಉದ್ದಕ್ಕೂ ಕೈಗಳು ನಿಂತವು. ಎಲ್ಲರೂ ಅವಳನ್ನೇ ನೋಡಿದರು. ದೊಡ್ಡಕ್ಕ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬನ್ನಿನ ಮೇಲಿನ ಗುರುತನ್ನು ತಾನೂ ಒಮ್ಮೆ ನೋಡಿದಳು.

"ನಮಗೂ ಹಾಗೇ ಅನ್ಸುತ್ತೆ ಮಗಾ" ಅಂದಳು.

ಆ ಅರ್ಧವನ್ನು ಕಟ್ಟೆಯ ಅಂಚಿನಲ್ಲಿ, ಹುಡುಗಿಗೆ ಸಿಗುವ ಹಾಗೆ ಇಟ್ಟಳು. ತನ್ನ ಅರ್ಧವನ್ನು ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ಮುಂದಿನ ಮೂಟೆಯ ಗಂಟು ಬಿಚ್ಚತೊಡಗಿದಳು.